ತಗ್ಗಿನ ಗಾಡಿಯೂ ಜಾಕಿನ ಇತಿಹಾಸವೂ

ಇತಿಹಾಸ ಅಂದ ಕೂಡಲೇ ನಮ್ಮ ಕಡೆಯವರಿಗೆ ಹಂಪಿ, ಆನೆಗುಂದಿ, ಕನಕಗಿರಿ ನೆನಪಾಗುತ್ತವೆ. ನನಗೆ ಮಾತ್ರ ಈ ನಡುವೆ ಬೇರೆಯೇ ಒಂದು ಇತಿಹಾಸದ ಹುಚ್ಚು ಹಿಡಿದಿದೆ. ಭಾರ ಎತ್ತುವುದರ ಇತಿಹಾಸ! ನಗಬೇಡಿ ಮಿತ್ರರೇ. ಮನೆಯಲ್ಲಿರುವುದು ಸೀಟು ತಗ್ಗು, ಹೊಟ್ಟೆ ಇನ್ನೂ ತಗ್ಗು ಇರುವ ಕ್ರೂಸರ್ ಬೈಕು. ಅದಕ್ಕೆ ಡಬಲ್ ಸ್ಟ್ಯಾಂಡ್ ಇಲ್ಲ. ಚೈನಿಗೆ ಎಣ್ಣೆ ಬಿಡಬೇಕಾದರೆ, ಗಾಲಿ ಬಿಚ್ಚಬೇಕಾದರೆ ಗಾಡಿಯನ್ನು ನೆಲದಿಂದ ಎತ್ತಲೇಬೇಕು. ಟ್ರಾಲಿ ಜಾಕ್ ತಂದರೆ ಅದು ಗಾಡಿಯ ಕೆಳಗೆ ತೂರುವುದೇ ಇಲ್ಲ. ಯಾಕೆ ಹೀಗೆ ಅಂತ ಕೆದಕುತ್ತಾ ಹೋದರೆ ಕಾರಟಗಿಯಿಂದ ಮೈಸೂರು, ಅಲ್ಲಿಂದ ಲಂಡನ್ ತನಕ ಹೋಗಿಬಂದ ಹಾಗಾಯಿತು.

ಮೊದಲು ನಮ್ಮ ಊರಿನಿಂದಲೇ ಶುರು ಮಾಡೋಣ. 1948ರ ಸೆಪ್ಟೆಂಬರ್‌ವರೆಗೆ ಈ ಸೀಮೆ ನಿಜಾಮನ ಆಳ್ವಿಕೆಯಲ್ಲಿತ್ತು. ಮಳೆ ನಂಬಿದ ಎರೆಹೊಲ, ಜೋಳ, ಹತ್ತಿ. ಸಾಮಾನು ಸಾಗಿಸಲು ಚಕ್ಕಡಿ. ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಹಚ್ಚಬೇಕಾದರೆ ಗಾಲಿ ಬಿಚ್ಚಬೇಕು, ಗಾಲಿ ಬಿಚ್ಚಲು ಚಕ್ಕಡಿ ಎತ್ತಬೇಕು. ಅದಕ್ಕೆ ಎರಡೇ ದಾರಿ. ಒಂದು, ಹೆಗಲು ಕೊಡುವ ನಾಲ್ಕು ಮಂದಿ. ಇನ್ನೊಂದು, ಒಂದು ಗಟ್ಟಿ ಮರದ ತೊಲೆ, ಅದರಡಿಗೆ ಒಂದು ಕಲ್ಲು, ಅಂದರೆ ಸನ್ನೆಗೋಲು. ಒಬ್ಬ ಮೀಟುತ್ತಾನೆ, ಇನ್ನೊಬ್ಬ ಅಚ್ಚಿನ ಕೆಳಗೆ ಆಸರೆ ಕೊಡುತ್ತಾನೆ. ಎತ್ತುವ ಕೆಲಸ ಬೇರೆ, ಹಿಡಿದು ನಿಲ್ಲಿಸುವ ಕೆಲಸ ಬೇರೆ. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಶುರುವಾಗಿ 1953ರಲ್ಲಿ ಕಾಲುವೆಗೆ ನೀರು ಬಂತು. ಎಡದಂಡೆ ಕಾಲುವೆ ಗಂಗಾವತಿ, ಕಾರಟಗಿ, ಸಿಂಧನೂರು ಸೀಮೆಯ ಹಣೆಬರಹವನ್ನೇ ಬದಲಿಸಿತು. ನೀರಿನ ಹಿಂದೆ ಭತ್ತ ಬಂತು, ಭತ್ತದ ಜೊತೆ ಆಂಧ್ರದ ರೈತರ ಕ್ಯಾಂಪುಗಳು ಬಂದವು, ಆಮೇಲೆ ರೈಸ್ ಮಿಲ್ಲು, ಮಿಲ್ಲಿನ ಹಿಂದೆ ಲಾರಿ. ಲಾರಿ ಇದ್ದಲ್ಲಿ ಜಾಕ್ ಇರಲೇಬೇಕಲ್ಲ! ನಮ್ಮೂರ ಭತ್ತದ ರೇಟು ಕೇಳಿದರೆ ಇಂದಿಗೂ 75 ಕೆ.ಜಿ. ಚೀಲದ ಲೆಕ್ಕದಲ್ಲಿ ಹೇಳುತ್ತಾರೆ. ಅಂಥ ಚೀಲವನ್ನು ಬೆನ್ನ ಮೇಲೆ ಹೊತ್ತು ಹಲಗೆ ಹತ್ತುವ ಹಮಾಲರನ್ನು ನೋಡಿದವರಿಗೆ ಭಾರ ಅಂದರೆ ಏನು ಅಂತ ಹೇಳಿಕೊಡಬೇಕಿಲ್ಲ. ವಯಸ್ಕ ಗಂಡಸು ಕೈಯಿಂದ ಎತ್ತಿ ಹೊರುವ ಭಾರ 55 ಕೆ.ಜಿ. ದಾಟಬಾರದು ಎನ್ನುವ ಅರ್ಥದ ಶಿಫಾರಸನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಮಾಡಿದೆ. ಈಗಿನ ಬುಲೆಟ್ 350 ಸುಮಾರು 195 ಕೆ.ಜಿ. ತೂಗುತ್ತದೆ. ಅಂದರೆ ಎರಡೂವರೆ ಚೀಲಕ್ಕಿಂತ ಹೆಚ್ಚು. ಒಬ್ಬನೇ ಎತ್ತುವ ಮಾತೇ ಇಲ್ಲ.

ಹಾಗಾದರೆ ಒಬ್ಬನೇ ಎತ್ತುವ ಯಂತ್ರ ಎಲ್ಲಿಂದ ಬಂತು? ಫ್ರಾನ್ಸಿನ ಪ್ಯಾಸ್ಕಲ್ ತೀರಿಕೊಂಡ ಮೇಲೆ, 1663ರಲ್ಲಿ, ಅವರ ದ್ರವಗಳ ಕುರಿತ ಬರಹ ಅಚ್ಚಾಯಿತು. ಮುಚ್ಚಿದ ಪಾತ್ರೆಯಲ್ಲಿ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಅನ್ನುವುದು ಅದರ ಸಾರ. ಅದು ಯಂತ್ರವಾಗಲು ನೂರಾ ಮೂವತ್ತು ವರ್ಷ ಹಿಡಿಯಿತು. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದರು. ಒತ್ತಿದಾಗ ದ್ರವ ಸೋರದಂತೆ ತಡೆಯುವುದೇ ದೊಡ್ಡ ತಲೆನೋವಾಗಿತ್ತಂತೆ. ಅವರ ಹತ್ತಿರ ಕೆಲಸಕ್ಕಿದ್ದ ಹೆನ್ರಿ ಮಾಡ್‌ಸ್ಲೇ ಬಟ್ಟಲಿನಾಕಾರದ ಚರ್ಮದ ವಾಷರ್ ಹಾಕಿ ಅದನ್ನು ಬಗೆಹರಿಸಿದರು ಅಂತ ಹೇಳುತ್ತಾರೆ. ಒತ್ತಡ ಹೆಚ್ಚಿದಷ್ಟೂ ವಾಷರ್ ಇನ್ನೂ ಬಿಗಿಯಾಗಿ ಗೋಡೆಗೆ ಅಂಟಿಕೊಳ್ಳುತ್ತದೆ. ಹಳೇ ಸೈಕಲ್ ಪಂಪ್ ಬಿಚ್ಚಿ ನೋಡಿದವರಿಗೆ ಈ ಚರ್ಮದ ಬಟ್ಟಲು ಗೊತ್ತಿರುತ್ತದೆ :)

1851ರಲ್ಲಿ ನ್ಯೂಯಾರ್ಕಿನ ರಿಚರ್ಡ್ ಡಜನ್ ಹೊತ್ತು ಒಯ್ಯಬಹುದಾದ ಹೈಡ್ರಾಲಿಕ್ ಜಾಕಿಗೆ ಪೇಟೆಂಟ್ ಪಡೆದರು. 1858ರ ಜನವರಿಯಲ್ಲಿ ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ ಮಿಸುಕದೆ ಕೂತಿದ್ದ ‘ಗ್ರೇಟ್ ಈಸ್ಟರ್ನ್’ ಎಂಬ ದೈತ್ಯ ಹಡಗನ್ನು ಬರ್ಮಿಂಗ್‌ಹ್ಯಾಮಿನ ಟ್ಯಾಂಗೀ ಸಹೋದರರ ಜಾಕುಗಳ ನೆರವಿನಿಂದ ನೀರಿಗಿಳಿಸಿದರು. ಅವರ ಕಂಪನಿಗೆ ಹೆಸರು ಬಂದದ್ದು ಆಗಲೇ.

ಲೆಕ್ಕ ಸರಳ. ಪಂಪಿನ ಕೊಳವೆ 1 ಚದರ ಸೆಂ.ಮೀ., ಎತ್ತುವ ಕೊಳವೆ 10 ಚದರ ಸೆಂ.ಮೀ. ಇದ್ದರೆ ಬಲ ಹತ್ತು ಪಟ್ಟು. ಕೈಹಿಡಿಯ ಸನ್ನೆ ಇನ್ನೊಂದು ಹತ್ತು ಪಟ್ಟು. ಒಟ್ಟು ನೂರು ಪಟ್ಟು. ಆದರೆ ಪುಕ್ಕಟೆ ಏನೂ ಸಿಗುವುದಿಲ್ಲ. ಕೈ 30 ಸೆಂ.ಮೀ. ಇಳಿದರೆ ಭಾರ ಮೇಲೇಳುವುದು ಬರೀ 3 ಮಿ.ಮೀ. ಶಕ್ತಿಯ ಬದಲಿಗೆ ತಾಳ್ಮೆ ಕೊಡಬೇಕು, ಅಷ್ಟೇ.

ಇನ್ನು ಬೈಕಿನ ಕಥೆ. 1929ರಲ್ಲಿ ಝೆಕೊಸ್ಲೊವಾಕಿಯಾದ ಯಾನೆಚೆಕ್ ಅವರು ವಾಂಡರರ್ ಕಂಪನಿಯ ಬೈಕಿನ ಹಕ್ಕು ಕೊಂಡು, ಎರಡೂ ಹೆಸರಿನ ಮೊದಲಕ್ಷರ ಸೇರಿಸಿ ‘ಜಾವಾ’ ಮಾಡಿದರು. ಅದು ಮೈಸೂರಿಗೆ ಬಂದದ್ದು ಐಡಿಯಲ್ ಜಾವಾ ಕಾರ್ಖಾನೆಯ ಮೂಲಕ. 1961ರಲ್ಲಿ ಜಯಚಾಮರಾಜ ಒಡೆಯರ್ ಉದ್ಘಾಟಿಸಿದ ಆ ಕಾರ್ಖಾನೆ ಜಾವಾ, ಆಮೇಲೆ ಯೆಜ್ಡಿ ಮಾಡಿ ಕೊನೆಗೆ 1996ರಲ್ಲಿ ಮುಚ್ಚಿತು. ಕಿಕ್ ಹೊಡೆದ ಪೆಡಲನ್ನೇ ಮಡಚಿ ಗೇರ್ ಹಾಕುವ ಆ ಗಾಡಿ ಯಾರಿಗೆ ಮರೆತೀತು!

ಆ ಕಾಲದ ಗಾಡಿಗಳಲ್ಲಿ ಒಂದು ದೊಡ್ಡ ಗುಣವಿತ್ತು. ಅವು ತಮ್ಮ ಜಾಕನ್ನು ತಾವೇ ಹೊತ್ತು ತಿರುಗುತ್ತಿದ್ದವು. ಅದೇ ಡಬಲ್ ಸ್ಟ್ಯಾಂಡ್. ಅದೂ ಸನ್ನೆಗೋಲೇ. ಕಾಲಿನಿಂದ ಒತ್ತಿ, ಗಾಡಿಯನ್ನು ತುಸು ಹಿಂದಕ್ಕೆ ಎಳೆದರೆ ಸ್ಟ್ಯಾಂಡು ತಿರುಗಿ ಗಾಡಿ ತಾನೇ ಹತ್ತಿ ಕೂರುತ್ತದೆ. ಹೊಲದ ದಾರಿಯಲ್ಲಿ ಪಂಕ್ಚರ್ ಆದರೂ ಹಿಂದಿನ ಗಾಲಿ ಬಿಚ್ಚಲು ಯಾರನ್ನೂ ಕರೆಯಬೇಕಿರಲಿಲ್ಲ.

ಆಮೇಲೆ ರುಚಿ ಬದಲಾಯಿತು. ಟ್ಯೂಬ್‌ಲೆಸ್ ಟೈರು ಬಂದು ಪಂಕ್ಚರಿಗೆ ಗಾಲಿ ಬಿಚ್ಚುವ ಕೆಲಸ ಕಡಿಮೆಯಾಯಿತು. ತೂಕ ಇಳಿಯಲಿ, ತಿರುವಿನಲ್ಲಿ ಬಾಗುವಾಗ ಕೆಳಗೆ ಏನೂ ತಾಗದಿರಲಿ ಅಂತ ಹಲವು ಗಾಡಿಗಳಿಂದ ಡಬಲ್ ಸ್ಟ್ಯಾಂಡ್ ಮಾಯವಾಯಿತು. 2012ರಲ್ಲಿ ನಮ್ಮ ದೇಶಕ್ಕೆ ಬಂದ ಕೆಟಿಎಂ ಡ್ಯೂಕ್ 200ಕ್ಕೆ ಅದು ಇರಲಿಲ್ಲ, ಸಾಲದ್ದಕ್ಕೆ ಸೈಲೆನ್ಸರ್ ಡಬ್ಬಿಯೇ ಹೊಟ್ಟೆಯ ಕೆಳಗಿತ್ತು. ಹಳೇ ಬುಲೆಟ್ಟಿನಲ್ಲಿ ಮುಂದಿನಿಂದ ಇಳಿಯುವ ಒಂದೇ ಪೈಪು, ಇಂಜಿನ್ನಿನ ಕೆಳಗೆ ಚೌಕಟ್ಟೇ ಇಲ್ಲ. ಹೀಗಾಗಿ ಜಾಕ್ ಎಲ್ಲಿ ಕೊಡಬೇಕು ಅನ್ನುವುದು ಒಂದೊಂದು ಗಾಡಿಗೂ ಬೇರೆ. ಕಂಪನಿಯವರು ಸ್ಟ್ಯಾಂಡು ತೆಗೆದರು, ಭಾರ ಮಾತ್ರ ನಮ್ಮ ಬೆನ್ನಿಗೆ ವಾಪಸ್ ಬಂತು ಅನ್ನಬೇಕು.

ಈಗ ಮನೆಯಲ್ಲಿ ಮಾಡುವ ಬಗೆ. ಸಾಮಾನ್ಯ ಟ್ರಾಲಿ ಜಾಕ್ ಪೂರ್ತಿ ಇಳಿಸಿದರೂ ಸುಮಾರು 135 ಮಿ.ಮೀ. ಎತ್ತರ ಇರುತ್ತದೆ. ಅದರ ಮೇಲೆ 20 ಮಿ.ಮೀ. ಮರದ ತುಂಡು ಇಡಲೇಬೇಕು, ಇಲ್ಲವಾದರೆ ಇಂಜಿನ್ನಿನ ಹೊಟ್ಟೆಗೆ ಗಾಯ. ಒಟ್ಟು 155. ಗಾಡಿಯ ಕೆಳಗಿನ ಜಾಗ 120 ಇದ್ದರೆ? ಗಾಡಿಯನ್ನೇ ಮೊದಲು ಎತ್ತರಿಸಬೇಕು. 40 ಮಿ.ಮೀ. ದಪ್ಪದ ಅಗಲ ಹಲಗೆಗಳ ಮೇಲೆ ಎರಡೂ ಗಾಲಿ ಹತ್ತಿಸಿದರೆ 160 ಸಿಗುತ್ತದೆ. ಸೈಡ್ ಸ್ಟ್ಯಾಂಡಿನ ಕೆಳಗೂ ಅಷ್ಟೇ ದಪ್ಪದ ಹಲಗೆ ಬೇಕು. ಅದಿಲ್ಲದಿದ್ದರೆ ಗಾಡಿ ಎಡಕ್ಕೆ ಇನ್ನೂ ವಾಲುತ್ತದೆ. ಗಾಡಿ ಎಡಕ್ಕೆ ವಾಲಿರುವುದರಿಂದ ಬಲಗಡೆ ತುಸು ಜಾಗ ಹೆಚ್ಚು, ಜಾಕ್ ಆ ಕಡೆಯಿಂದಲೇ ತೂರಿಸಬೇಕು. ಮೊದಲನೇ ಗೇರ್ ಹಾಕಿ, ಮುಂದಿನ ಬ್ರೇಕ್ ಲಿವರನ್ನು ಹಳೇ ಟ್ಯೂಬಿನ ತುಂಡಿನಿಂದ ಬಿಗಿಯಾಗಿ ಕಟ್ಟಬೇಕು. ಎಣ್ಣೆ ಬೋಲ್ಟು, ಸೈಲೆನ್ಸರ್ ಬಿಟ್ಟು ಗಟ್ಟಿ ಜಾಗ ನೋಡಿ ಕೊಡಬೇಕು.

ನಮ್ಮ ಎರೆಮಣ್ಣಿನ ಅಂಗಳದಲ್ಲಿ ಈ ಕೆಲಸ ಬೇಡವೇ ಬೇಡ. ಜಾಕಿನ ಪುಟ್ಟ ಕಬ್ಬಿಣದ ಗಾಲಿಗಳು ಹೂತು ಹೋಗುತ್ತವೆ. ಅದರ ತೋಳು ಮೇಲೇಳುವಾಗ ನೆಟ್ಟಗೆ ಏಳುವುದಿಲ್ಲ, ಕಮಾನಿನಂತೆ ತಿರುಗುತ್ತದೆ. ಆಗ ಜಾಕು ಉರುಳಿ ಸರಿದುಕೊಳ್ಳಬೇಕು. ಸರಿಯಲಿಲ್ಲ ಅಂದರೆ ಅದು ಗಾಡಿಯನ್ನೇ ಪಕ್ಕಕ್ಕೆ ಎಳೆಯುತ್ತದೆ. ಸಿಮೆಂಟು ಅಥವಾ ಶಹಾಬಾದ್ ಕಲ್ಲಿನ ನೆಲ ಗುಡಿಸಿ, ಮರಳು ಹರಳು ಇಲ್ಲದಂತೆ ಮಾಡಿಕೊಳ್ಳಿ.

ಎಷ್ಟು ಎತ್ತಬೇಕು? ಬೇಕಾದ ಗಾಲಿ ನೆಲ ಬಿಟ್ಟರೆ ಸಾಕು. ಸೈಡ್ ಸ್ಟ್ಯಾಂಡ್ ಊರಿಕೊಂಡೇ ಇರಲಿ. ಆಗ ಇನ್ನೊಂದು ಗಾಲಿ, ಸೈಡ್ ಸ್ಟ್ಯಾಂಡ್, ಜಾಕ್, ಹೀಗೆ ಮೂರು ಕಡೆ ಆಸರೆ. ನಮ್ಮ ಒಲೆಯ ಮೂರು ಗುಂಡಿನ ಹಾಗೆ. ಆಮೇಲೆ ಗಟ್ಟಿ ಮರದ ದಿಮ್ಮಿಗಳನ್ನು ಕೆಳಗೆ ಕೊಟ್ಟು, ಮೇಲಿಂದ ತೊಲೆಗೆ ಹಗ್ಗ ಬಿಗಿದು, ಭಾರವನ್ನು ದಿಮ್ಮಿಗಳ ಮೇಲೆ ಇಳಿಸಿ.

ಚಕ್ಕಡಿಯ ಕಾಲದವರ ಮಾತು ಬೇಕಾಗುವುದು ಇಲ್ಲೇ. ಜಾಕು ಇರುವುದು ಎತ್ತಲಿಕ್ಕೆ, ಹಿಡಿದು ನಿಲ್ಲಲಿಕ್ಕಲ್ಲ. ಮಾಡ್‌ಸ್ಲೇ ಕಾಲದ ಚರ್ಮದ ವಾಷರಿನ ಜಾಗದಲ್ಲಿ ಈಗ ರಬ್ಬರ್ ಸೀಲ್ ಇದೆ. ಅದು ಸವೆದರೆ ಎಣ್ಣೆ ಒಳಗೊಳಗೇ ಜಿನುಗಿ ಗಾಡಿ ಸದ್ದಿಲ್ಲದೆ ಇಳಿಯುತ್ತದೆ, ಇಲ್ಲವೇ ಒಮ್ಮೆಲೇ ಕುಸಿಯುತ್ತದೆ. ಅಷ್ಟು ಹೊತ್ತಿಗೆ ಕೆಳಗೆ ಬೆರಳೋ ಮುಂಗೈಯೋ ಇದ್ದರೆ ಎರಡೂವರೆ ಚೀಲ ಭತ್ತ ಅದರ ಮೇಲೆ ಬಿದ್ದ ಲೆಕ್ಕ. ದುಡಿಯುವ ಕೈ ಹೋದರೆ ಗಾಡಿ ಇದ್ದೂ ಏನು ಪ್ರಯೋಜನ, ಹೇಳಿ?

ಹೈಡ್ರಾಲಿಕ್ ಜಾಕಿನ ಇತಿಹಾಸ ನಾಲ್ಕು ಮಂದಿಯ ಕೆಲಸವನ್ನು ಒಬ್ಬನ ಕೈಗೆ ತಂದ ಇತಿಹಾಸ. ಅದರಲ್ಲಿ ಎರಡು ಮಾತಿಲ್ಲ. ಆದರೆ ಗಾಡಿ ವಾಲದಂತೆ ಹಿಡಿಯಲು ಎರಡನೆಯ ಜೋಡಿ ಕೈಗೆ ಬದಲಿ ಯಂತ್ರ ನಮ್ಮ ಮನೆಗಳಿಗೆ ಇನ್ನೂ ಬಂದಿಲ್ಲ. ಅದಕ್ಕೇ ನಾನು ಜಾಕಿನ ಹಿಡಿಗೆ ಕೈ ಹಾಕುವ ಮೊದಲು ಪಕ್ಕದ ಮನೆ ಕಡೆ ತಿರುಗಿ “ಏ ತಮ್ಮಾ, ಒಂಚೂರು ಕೈ ಹಚ್ಚು ಬಾರೋ” ಅಂತ ಕೂಗುತ್ತೇನೆ. ನಿಮ್ಮೂರ ಕಡೆ ಚಕ್ಕಡಿ ಎತ್ತಲು ಏನು ಉಪಾಯ ಮಾಡುತ್ತಿದ್ದರು? ಹಿರಿಯರನ್ನು ಕೇಳಿ ತಿಳಿಸಿ. ಅವರು ಹೇಳುವಷ್ಟು ದಿನ ಕೇಳಿಟ್ಟುಕೊಳ್ಳೋಣ.