ಇಳಿಜಾರಿನ ಸ್ಥಿರತೆ ಮತ್ತು ಡಿಜಿಟಲ್ ಮಾದರಿಗಳು

ಗುಡ್ಡದ ಮಗ್ಗುಲಾಗಲಿ ರಸ್ತೆಯ ಏರಿಯಾಗಲಿ ನಿಲ್ಲುತ್ತದೋ ಜಾರುತ್ತದೋ ಎಂಬುದನ್ನು ಎಂಜಿನಿಯರುಗಳು ಒಂದು ಸಂಖ್ಯೆಯಿಂದ ಅಳೆಯುತ್ತಾರೆ. ತಡೆದು ಹಿಡಿಯುವ ಬಲವನ್ನು ಜಾರಿಸುವ ಬಲದಿಂದ ಭಾಗಿಸಿದರೆ ಸಿಗುವ ಸುರಕ್ಷತಾ ಗುಣಾಂಕವೇ ಅದು. ಗುಣಾಂಕ 1ಕ್ಕಿಂತ ಕೆಳಗಿಳಿದರೆ ಕುಸಿತ ಖಚಿತ. ಈಗ ಈ ಲೆಕ್ಕ ಮಣ್ಣಿನ ಪದರ, ಅಂತರ್ಜಲ, ಅಡಿಪಾಯಗಳೆಲ್ಲ ಸೇರಿದ ಮೂರು ಆಯಾಮದ ಮಾದರಿಯಲ್ಲೂ ನಡೆಯುತ್ತದೆ. ಅದರ ಬೇರು ಮಾತ್ರ ಸ್ವೀಡನ್ನಿನ ಜೇಡಿಮಣ್ಣಿನಲ್ಲಿದೆ.

1916ರಲ್ಲಿ ಗೋಥೆನ್‌ಬರ್ಗ್ ಬಂದರಿನ ಸ್ಟಿಗ್‌ಬರ್ಗ್ ಧಕ್ಕೆ ಕುಸಿಯಿತು. ಮಣ್ಣು ಹೆಚ್ಚುಕಡಿಮೆ ವೃತ್ತದ ಕಂಸದ ಮೇಲೆ ಜಾರಿದೆಯೆಂದು ಎಂಜಿನಿಯರುಗಳಾದ ಪೆಟರ್ಸನ್ ಮತ್ತು ಹುಲ್ಟಿನ್ ಕಂಡುಕೊಂಡರು. ಕಂಸದ ಮೇಲಿನ ಮಣ್ಣನ್ನು ಲಂಬ ಹೋಳುಗಳಾಗಿ ವಿಂಗಡಿಸಿ, ಒಂದೊಂದರ ಭಾರವನ್ನೂ ಹಿಡಿತವನ್ನೂ ಕೂಡಿಸುವ ಕ್ರಮ ಹುಟ್ಟಿದ್ದು ಹೀಗೆ. 1918ರ ಅಕ್ಟೋಬರ್ 1ರಂದು ಗೇಟೋ ಬಳಿ ರೈಲ್ವೆ ಏರಿ ಜಾರಿ ರೈಲಿನಲ್ಲಿದ್ದ ಕನಿಷ್ಠ 42 ಜನ ಸತ್ತರು. ಇಂಥ ಕುಸಿತಗಳ ಅಧ್ಯಯನಕ್ಕೆ ಸ್ವೀಡನ್ನಿನ ರೈಲ್ವೆ ಅದಾಗಲೇ ಆಯೋಗವೊಂದನ್ನು ನೇಮಿಸಿತ್ತು. ಅದರ ಅಧ್ಯಕ್ಷ ವೋಲ್ಮಾರ್ ಫೆಲೆನಿಯಸ್ ಹೋಳುಗಳ ಲೆಕ್ಕಕ್ಕೆ ಖಚಿತ ರೂಪ ಕೊಟ್ಟರು.

1955ರಲ್ಲಿ ಬ್ರಿಟನ್ನಿನ ಅಲನ್ ಬಿಷಪ್ ಈ ಕ್ರಮವನ್ನು ಇನ್ನಷ್ಟು ನಿಖರಗೊಳಿಸಿದರು. ಆದರೆ ಅವರ ಸಮೀಕರಣದ ಎರಡೂ ಬದಿಯಲ್ಲಿ ಗುಣಾಂಕವಿತ್ತು. ಊಹಿಸಬೇಕು, ಲೆಕ್ಕ ಹಾಕಬೇಕು, ತಿದ್ದಬೇಕು, ಮತ್ತೆ ಹಾಕಬೇಕು. ಅದೂ ಹತ್ತಾರು ಕಂಸಗಳಿಗೆ. ಈ ದುಡಿಮೆಯನ್ನು ಎಲೆಕ್ಟ್ರಾನಿಕ್ ಗಣಕಕ್ಕೆ ಒಪ್ಪಿಸಿದ ಲಿಟಲ್ ಮತ್ತು ಪ್ರೈಸ್ ಅವರ ಪ್ರಬಂಧ 1958ರಲ್ಲಿ ಬಂತು. ಅದೇ ವರ್ಷ ಅಮೆರಿಕದ ಎಂಐಟಿಯ ಮಿಲ್ಲರ್ ಮತ್ತು ಲಾಫ್ಲಾಮ್, ಹೆದ್ದಾರಿ ವಿನ್ಯಾಸಕ್ಕಾಗಿ ನೆಲದ ಏರುತಗ್ಗನ್ನು ಅಂಕಿಗಳಲ್ಲಿ ಹಿಡಿದಿಡುವ ಡಿಜಿಟಲ್ ಭೂಮೇಲ್ಮೈ ಮಾದರಿಯನ್ನು ವಿವರಿಸಿದರು.

ಒಂದೇ ವರ್ಷ ಬೆಳಕು ಕಂಡ ಈ ಎರಡು ವಿದ್ಯೆಗಳು ದಶಕಗಳ ಕಾಲ ಬೇರೆ ಬೇರೆ ಮೇಜುಗಳ ಮೇಲೆಯೇ ಉಳಿದದ್ದು ನಷ್ಟವೇ ಸರಿ.

1975ರಲ್ಲಿ ಚಾರ್ಲ್ಸ್ ಈಸ್ಟ್‌ಮನ್, ನಕಾಶೆಗಳ ಬದಲು ಗಣಕದೊಳಗೇ ಕಟ್ಟಡದ ಪೂರ್ಣ ವಿವರಣೆ ಇರಲೆಂದು ವಾದಿಸಿದರು. ಇಂದಿನ ‘ಬಿಮ್’ (ಕಟ್ಟಡ ಮಾಹಿತಿ ಮಾದರಿ) ತಂತ್ರ ಬೆಳೆದದ್ದು ಆ ವಿಚಾರದಿಂದ. ಅದೇ ಹೊತ್ತಿಗೆ ಜೀಂಕೀವಿಚ್ ಮತ್ತು ಸಂಗಡಿಗರು ಮಣ್ಣಿನ ಬಲವನ್ನು ಲೆಕ್ಕದಲ್ಲಿ ಹಂತಹಂತವಾಗಿ ತಗ್ಗಿಸುತ್ತ, ಇಳಿಜಾರು ಎಲ್ಲಿ ಸೋಲುತ್ತದೆಂದು ಅದರಿಂದಲೇ ತಿಳಿಯುವ ದಾರಿ ತೋರಿದರು. ಜಾರುವ ಕಂಸವನ್ನು ಮೊದಲೇ ಊಹಿಸುವ ಕಷ್ಟ ತಪ್ಪಿತು.

ಬಿಮ್ ಮಾತ್ರ ಬಹುಕಾಲ ನೆಲದ ಮೇಲಿನ ಗೋಡೆ, ತೊಲೆ, ಕಂಬಗಳಲ್ಲೇ ಮಗ್ನವಾಗಿತ್ತು. ನೆಲದೊಳಗಿನ ಸಂಗತಿ ಬೇರೆ. ಎರಡು ಬೋರ್‌ಹೋಲ್‌ಗಳ ನಡುವಿನ ಪದರವನ್ನು ಯಾರೂ ಕಂಡಿರುವುದಿಲ್ಲ, ತಂತ್ರಾಂಶ ಅದನ್ನು ನುಣುಪಾಗಿ ಎಳೆದು ತೋರಿಸುತ್ತದೆ. ಇಟಲಿಯ ವಾಯೊಂಟ್ ಜಲಾಶಯಕ್ಕೆ 1963ರಲ್ಲಿ 26 ಕೋಟಿ ಘನ ಮೀಟರ್‌ನಷ್ಟು ಗುಡ್ಡ ಜಾರಿ ಸುಮಾರು 2000 ಜನ ಸತ್ತಾಗ, ಜಾರುದಾರಿಯಾದದ್ದು ಸುಣ್ಣಕಲ್ಲಿನ ನಡುವಿನ ತೆಳು ಜೇಡಿ ಪದರಗಳು; ಇಂಥವು ನುಣುಪು ಗೆರೆಯಲ್ಲಿ ಮರೆಯಾಗಬಲ್ಲವು. ಆದ್ದರಿಂದಲೇ, ಬಿಮ್ ಮಾಹಿತಿ ವಿನಿಮಯಕ್ಕೆ 2024ರಲ್ಲಿ ಐಎಸ್ಒ ಮಾನದಂಡವಾದ ಐಎಫ್‌ಸಿ 4.3 ಬೋರ್‌ಹೋಲ್‌ಗೂ ಅದರಿಂದ ಊಹಿಸಿದ ಭೂಮಾದರಿಗೂ ಪ್ರತ್ಯೇಕ ವರ್ಗಗಳನ್ನು ಕೊಟ್ಟಿರುವುದು ಬಹಳ ಮುಖ್ಯ.