ಚುಕ್ಕಾಣಿ ಪರದೆಯೊಳಗೆ ಹೋದ ಮೇಲೆ

ನಾನು ಕಾಸರಗೋಡಿನವನು, ನಮ್ಮ ಕಡೆಯಿಂದ ಹಡಗಿನ ಕೆಲಸಕ್ಕೆ ಹೋದವರು ಬಹಳ ಮಂದಿ. ಹಾಗಾಗಿ ಇದು ನನಗೆ ದೂರದ ಮಾತಲ್ಲ. 2017ರ ಆಗಸ್ಟ್ 21ರ ನಸುಕಿನಲ್ಲಿ ಸಿಂಗಾಪುರ ಜಲಸಂಧಿಯಲ್ಲಿ ಅಮೆರಿಕದ ಯುದ್ಧನೌಕೆ ಜಾನ್ ಎಸ್. ಮೆಕೇನ್, ಅಲ್ನಿಕ್ ಎಂಬ ಟ್ಯಾಂಕರಿಗೆ ಅಡ್ಡ ತಿರುಗಿ ಡಿಕ್ಕಿಯಾಯಿತು. 10 ನಾವಿಕರು ಸತ್ತರು.

ಚುಕ್ಕಾಣಿ ಕೆಟ್ಟಿರಲೇ ಇಲ್ಲ, ನೋಡಿ! ವೇಗದ ಹತೋಟಿಯನ್ನಷ್ಟೇ ಪಕ್ಕದ ಪರದೆಗೆ ಕೊಡಲು ಹೋದಾಗ ಚುಕ್ಕಾಣಿಯೂ ಅತ್ತ ಹೋಗಿಬಿಟ್ಟಿತ್ತು. ಇದ್ದವರು ಚುಕ್ಕಾಣಿಯೇ ಹೋಯ್ತು ಅಂದುಕೊಂಡರು. ಎರಡು ಪ್ರೊಪೆಲ್ಲರುಗಳ ಹತೋಟಿ ಪರದೆಯಲ್ಲಿ ಬೇರೆಬೇರೆಯಾಗಿತ್ತು. ಮೊದಲು ಎಡದ್ದಷ್ಟೇ ನಿಧಾನವಾಗಿ ಹಡಗು ಎಡಕ್ಕೆ ಎಳೆಯಿತು. ಎರಡು ಹಿಡಿಕೆಗಳಿದ್ದಿದ್ದರೆ ಕೈಗೇ ಗೊತ್ತಾಗ್ತಿತ್ತು. ತರಬೇತಿ ಸಾಲದೆಂದೂ ತನಿಖೆ ಹೇಳಿತು, ಸರಿ. ನನ್ನ ತಕರಾರು ಮಾತ್ರ ಪರದೆಯ ಮೇಲೆಯೇ. 2019ರಲ್ಲಿ ನೌಕಾಪಡೆ ಹಿಡಿಕೆಗಳನ್ನು ಮರಳಿ ಕೂರಿಸಲು ತೀರ್ಮಾನಿಸಿತು.