ದೇಶ ದಾಟುವ ಮಕ್ಕಳಿಗಾಗಿ ಹುಟ್ಟಿದ ಪರೀಕ್ಷೆ

ಹತ್ತನೇ ತರಗತಿ ಮುಗಿಸಿದ ಮಗುವನ್ನು ಪಿಯುಸಿಗೆ ಸೇರಿಸುವುದೋ, ಐಬಿ ಡಿಪ್ಲೊಮಾಕ್ಕೆ ಸೇರಿಸುವುದೋ ಎಂಬ ಪ್ರಶ್ನೆ ಬೆಂಗಳೂರಿನ ಉಳ್ಳವರ ಮನೆಗಳಿಗೆ ಈಗ ಹೊಸದಲ್ಲ. ಮಾತು ಬಹುಪಾಲು ಯಾವುದು ಶ್ರೇಷ್ಠ, ಯಾವುದಕ್ಕೆ ವಿದೇಶದಲ್ಲಿ ಬೆಲೆ ಎಂಬಲ್ಲೇ ಸುತ್ತುತ್ತದೆ. ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಐಬಿಯನ್ನು ಯಾರಿಗಾಗಿ, ಯಾವ ಕಷ್ಟದ ಪರಿಹಾರಕ್ಕಾಗಿ ಕಟ್ಟಿದರು? ಅದು ತಿಳಿದರೆ ಇದರ ಒಂದೊಂದು ನಿಯಮ ಏಕೆ ಹಾಗಿದೆ ಎಂಬುದು ಬಿಡಿಸಿಕೊಳ್ಳುತ್ತದೆ. ನಮ್ಮ ಮಗುವಿಗೆ ಒಗ್ಗುತ್ತದೆಯೇ ಎಂದು ತೂಗಿ ನೋಡಲು ಶುಲ್ಕದ ಪಟ್ಟಿಗಿಂತ, ಜಾಹೀರಾತಿಗಿಂತ ಆ ಚರಿತ್ರೆಯೇ ಹೆಚ್ಚು ನೆರವಾಗುತ್ತದೆ.

ಕಥೆ ಶುರುವಾಗುವುದು ಜಿನೀವಾದಲ್ಲಿ. ಮೊದಲ ಮಹಾಯುದ್ಧದ ನಂತರ ರಾಷ್ಟ್ರಗಳ ಸಂಘ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಅಲ್ಲಿ ನೆಲೆಯೂರಿದಾಗ ಹತ್ತಾರು ದೇಶಗಳ ಅಧಿಕಾರಿಗಳು ಸಂಸಾರ ಸಮೇತ ಬಂದರು. ಅವರ ಮಕ್ಕಳಿಗೆಂದು 1924ರಲ್ಲಿ ಜಿನೀವಾ ಅಂತರರಾಷ್ಟ್ರೀಯ ಶಾಲೆ ತೆರೆಯಿತು. ಕೆಳಗಿನ ತರಗತಿಗಳಲ್ಲಿ ಎಲ್ಲರೂ ಒಟ್ಟಿಗೆ ಕಲಿಯಬಹುದಿತ್ತು. ತೊಡಕು ಬಂದದ್ದು ಕೊನೆಯ ಎರಡು ವರ್ಷಗಳಲ್ಲಿ. ಫ್ರಾನ್ಸಿಗೆ ಮರಳುವವರಿಗೆ ಬಕಲೋರಿಯಾ, ಸ್ವಿಸ್ ವಿಶ್ವವಿದ್ಯಾಲಯ ಸೇರುವವರಿಗೆ ಮಚ್ಯೂರಿಟೆ, ಇಂಗ್ಲೆಂಡಿನವರಿಗೆ ಎ ಲೆವೆಲ್, ಅಮೆರಿಕದವರಿಗೆ ಕಾಲೇಜ್ ಬೋರ್ಡ್ ಪರೀಕ್ಷೆ. ಒಂದೇ ಬೆಂಚಿನಲ್ಲಿ ಬೆಳೆದ ಮಕ್ಕಳು ಹದಿನಾರರ ವಯಸ್ಸಿಗೆ ದೇಶವಾರು ಒಡೆದುಹೋಗುತ್ತಿದ್ದರು. ಮೇಷ್ಟ್ರುಗಳು ಒಂದೇ ವಿಷಯವನ್ನು ಬೇರೆ ಬೇರೆ ಪಠ್ಯಕ್ರಮಗಳಿಗೆ ಹಂಚಿ ಸಣ್ಣ ಸಣ್ಣ ಗುಂಪುಗಳಿಗೆ ಕಲಿಸಬೇಕಾಗುತ್ತಿತ್ತು. ಅಪ್ಪನಿಗೆ ನಡುವೆ ವರ್ಗವಾದರೆ ಮಗುವಿನ ಓದು ಅಲ್ಲಿಗೇ ತುಂಡಾಗುತ್ತಿತ್ತು. ಇದಕ್ಕೆ ಮದ್ದು ಹುಡುಕಿದವರು ಶಾಲಾ ಶಿಕ್ಷಕರೇ ಎಂಬುದು ನೆನಪಿಡಬೇಕಾದ ಸಂಗತಿ. 1962ರಲ್ಲಿ ಜಿನೀವಾದಲ್ಲಿ ಅಂತರರಾಷ್ಟ್ರೀಯ ಶಾಲೆಗಳ ಸಮಾಜ ವಿಜ್ಞಾನ ಶಿಕ್ಷಕರು ಸೇರಿ, ಯಾವ ಒಂದು ದೇಶದ ದೃಷ್ಟಿಗೂ ಕಟ್ಟುಬೀಳದ ಸಮಕಾಲೀನ ಇತಿಹಾಸದ ಪಠ್ಯವೊಂದನ್ನು ರೂಪಿಸಲು ಹೊರಟರು. ಮೊದಲ ಹೆಜ್ಜೆಗೆ ಇತಿಹಾಸವನ್ನೇ ಆರಿಸಿಕೊಂಡದ್ದು ಧೈರ್ಯದ ಕೆಲಸ. ಗಣಿತ ಎಲ್ಲ ದೇಶಕ್ಕೂ ಒಂದೇ. ಯುದ್ಧವನ್ನು ಮಾತ್ರ ಗೆದ್ದವರು ಒಂದು ಬಗೆ, ಸೋತವರು ಇನ್ನೊಂದು ಬಗೆ ಕಲಿಸುತ್ತಾರೆ. ಆ ಯತ್ನ ಬೆಳೆದು 1968ರಲ್ಲಿ ಇಂಟರ್‌ನ್ಯಾಷನಲ್ ಬಕಲೋರಿಯೇಟ್ (ಐಬಿ) ಸಂಸ್ಥೆ ಜಿನೀವಾದಲ್ಲಿ ಸ್ಥಾಪನೆಯಾಯಿತು.

ಅದರ ಮೊದಲ ಮಹಾನಿರ್ದೇಶಕ ಅಲೆಕ್ ಪೀಟರ್ಸನ್, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗದ ಮುಖ್ಯಸ್ಥ. ಇಂಗ್ಲೆಂಡಿನ ಮಕ್ಕಳು ಹದಿನಾರಕ್ಕೇ ಕಲೆ ಅಥವಾ ವಿಜ್ಞಾನ ಎಂದು ಪಕ್ಷ ಹಿಡಿದು ಮೂರೇ ವಿಷಯಕ್ಕೆ ಕುಗ್ಗುವುದು ಅವರಿಗೆ ಸರಿ ಕಂಡಿರಲಿಲ್ಲ. 1960ರಲ್ಲೇ ಅದರ ವಿರುದ್ಧ ವರದಿ ಬರೆದಿದ್ದರು. ಯುರೋಪಿನ ಇತರ ಕಡೆಯ ಪರೀಕ್ಷೆಗಳದು ಇನ್ನೊಂದು ಅತಿ: ವಿಷಯಗಳ ರಾಶಿ. ಎರಡರ ನಡುವೆ ಮಾಡಿಕೊಂಡ ರಾಜಿಯೇ ಇಂದಿನ ಚೌಕಟ್ಟು. ಆರು ವಿಷಯ; ಮೂರು ಉನ್ನತ ಮಟ್ಟದಲ್ಲಿ ತಲಾ 240 ಗಂಟೆ, ಮೂರು ಸಾಮಾನ್ಯ ಮಟ್ಟದಲ್ಲಿ ತಲಾ 150 ಗಂಟೆ. ಜೊತೆಗೆ 4,000 ಪದಗಳವರೆಗಿನ ಸಂಶೋಧನಾ ಪ್ರಬಂಧ, ತಿಳಿದದ್ದನ್ನು ಹೇಗೆ ತಿಳಿದೆವು ಎಂದು ವಿಚಾರಿಸುವ ಜ್ಞಾನಮೀಮಾಂಸೆಯ ಪಾಠ, ಸೇವೆ ಮತ್ತು ಚಟುವಟಿಕೆ. ಸೇವೆಯ ಅಂಶದ ಹಿಂದೆ ಹಿಟ್ಲರನ ಆಡಳಿತ ಸೆರೆಗೆ ತಳ್ಳಿದ್ದ ಜರ್ಮನ್ ಶಿಕ್ಷಣತಜ್ಞ ಕರ್ಟ್ ಹಾನ್ ಅವರ ಚಿಂತನೆಯ ನೆರಳಿದೆ. ಅವರ ಪ್ರೇರಣೆಯಿಂದ 1962ರಲ್ಲಿ ವೇಲ್ಸ್‌ನಲ್ಲಿ ಆರಂಭವಾದ ಅಟ್ಲಾಂಟಿಕ್ ಕಾಲೇಜು ಈ ಡಿಪ್ಲೊಮಾವನ್ನು ಮೊದಮೊದಲು ಒಪ್ಪಿಕೊಂಡ ಸಂಸ್ಥೆಗಳಲ್ಲಿ ಒಂದು.

ಭಾರತಕ್ಕೆ ಬಂದ ದಾರಿಯೂ ಇದೇ ಬಗೆಯದು. ನಮ್ಮಲ್ಲಿ ಮೊದಲು ಇದನ್ನು ಆರಂಭಿಸಿದ್ದು 1976ರಲ್ಲಿ, ಕೊಡೈಕೆನಾಲಿನ ಅಂತರರಾಷ್ಟ್ರೀಯ ಶಾಲೆ. 1901ರಲ್ಲಿ ಅಮೆರಿಕದ ಮಿಷನರಿಗಳ ಮಕ್ಕಳಿಗೆಂದು ಹುಟ್ಟಿದ ಶಾಲೆಯದು; ಅಲ್ಲಿಯೂ ಇದ್ದದ್ದು ಒಂದು ದೇಶದಲ್ಲಿ ಬೆಳೆದು ಇನ್ನೊಂದು ದೇಶದ ಕಾಲೇಜು ಸೇರಬೇಕಾದ ಮಕ್ಕಳ ಕಷ್ಟವೇ. 1983ರಲ್ಲಿ ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಮಾನ್ಯತೆ ಕೊಟ್ಟಿತು. ಬೆಂಗಳೂರಿನ ಶಾಲೆಗಳು ಇದನ್ನು ಕೈಗೆತ್ತಿಕೊಂಡದ್ದು ಉದಾರೀಕರಣದ ನಂತರ, ಸಾಫ್ಟ್‌ವೇರ್ ಉದ್ಯಮ ಬೆಳೆದು ಹೊರದೇಶಗಳಿಂದ ಸಂಸಾರಗಳು ಬರಲಾರಂಭಿಸಿದ ಮೇಲೆ.

ಹುಟ್ಟು ಹೇಗಿದ್ದರೇನು, ಇಂದು ಇದು ಎಲ್ಲರಿಗೂ ತೆರೆದಿರುವ ಒಳ್ಳೆಯ ಶಿಕ್ಷಣವಲ್ಲವೇ ಎಂಬ ಆಕ್ಷೇಪ ಬರುತ್ತದೆ. ಒಳ್ಳೆಯದೆಂಬುದರಲ್ಲಿ ನನಗೂ ಅನುಮಾನವಿಲ್ಲ. ಆದರೆ ಹುಟ್ಟಿನ ಉದ್ದೇಶ ನಿಯಮಗಳಲ್ಲಿ ಇನ್ನೂ ಜೀವಂತವಾಗಿದೆ. ನಮ್ಮ ಪಿಯುಸಿಯಲ್ಲೂ ಆರೇ ವಿಷಯ: ಎರಡು ಭಾಷೆ, ನಾಲ್ಕು ಐಚ್ಛಿಕ. ವಿಜ್ಞಾನದ ವಿದ್ಯಾರ್ಥಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ನಾಲ್ಕನ್ನೂ ತೆಗೆದುಕೊಂಡು ಎಂಜಿನಿಯರಿಂಗ್, ವೈದ್ಯಕೀಯ ಎರಡೂ ಬಾಗಿಲನ್ನು ತೆರೆದಿಟ್ಟುಕೊಳ್ಳಬಹುದು. ಅದಕ್ಕಾಗಿ ಇತಿಹಾಸ, ಅರ್ಥಶಾಸ್ತ್ರಗಳನ್ನು ಪೂರ್ತಿ ಬಿಡುತ್ತಾನೆ. ಐಬಿಯಲ್ಲಿ ಎರಡು ಭಾಷೆ, ಒಂದು ಮಾನವಿಕ ವಿಷಯ, ಒಂದು ವಿಜ್ಞಾನ, ಗಣಿತ ಕಡ್ಡಾಯ. ಆರನೆಯದು ಕಲೆ, ಅಥವಾ ಅದರ ಬದಲು ಇನ್ನೊಂದು ವಿಷಯ. ಹಾಗಾಗಿ ಸಾಮಾನ್ಯ ನಿಯಮದಲ್ಲಿ ಎರಡು ವಿಜ್ಞಾನಗಳಿಗಷ್ಟೇ ಜಾಗ. ಭಾರತದಲ್ಲಿ ಎಂಬಿಬಿಎಸ್ ಸೇರಲು ಮೂರು ವಿಜ್ಞಾನಗಳು ಬೇಕು. ಮೂರನೆಯದಕ್ಕೆ ಶಾಲೆ ವಿಶೇಷ ಅನುಮತಿ ಕೇಳಬೇಕಾಗುತ್ತದೆ. ಮೇ ತಿಂಗಳ ಪರೀಕ್ಷೆಯ ಫಲಿತಾಂಶ ಹೊರಬೀಳುವುದು ಜುಲೈ ಆರಂಭಕ್ಕೆ. ಆ ಹೊತ್ತಿಗೆ ಇಲ್ಲಿನ ಎಷ್ಟೋ ಕಾಲೇಜುಗಳಲ್ಲಿ ಪ್ರವೇಶ ಭರದಿಂದ ಸಾಗಿರುತ್ತದೆ. ಇವನ್ನು ದೋಷ ಎನ್ನಲಾರೆ. ಹದಿನಾರರ ಮಗುವನ್ನು ಒಂದೇ ದಾರಿಗೆ ಕಟ್ಟಿಹಾಕಬಾರದು ಎಂಬ ನಂಬಿಕೆ ಕೇಳುವ ಬೆಲೆ ಇದು.

ಇದು ಸಿರಿವಂತರ ಓದು ಎಂಬ ಮಾತೂ ಇದೆ. ನಮ್ಮಲ್ಲಿನ ಶುಲ್ಕ ನೋಡಿದರೆ ಆ ಸಿಟ್ಟು ನ್ಯಾಯವಾದದ್ದೇ. ಆದರೂ ಅಮೆರಿಕದಲ್ಲಿ ಈ ಡಿಪ್ಲೊಮಾ ನಡೆಸುವ ಶಾಲೆಗಳಲ್ಲಿ ಬಹುಪಾಲು ಸರ್ಕಾರಿ ಶಾಲೆಗಳು. ಎಕ್ವಡಾರ್ ದೇಶ 2006ರಿಂದ ತನ್ನ ಸರ್ಕಾರಿ ಪ್ರೌಢಶಾಲೆಗಳಿಗೆ ಇದನ್ನು ತಂದಿತು. ತಾರತಮ್ಯ ಇರುವುದು ಪಠ್ಯದಲ್ಲಲ್ಲ, ಅದನ್ನು ಮಾರುವ ರೀತಿಯಲ್ಲಿ. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಇದನ್ನು ರೂಪಿಸಿದವರು ಮೊದಲ ಸ್ಥಾನ ಕೊಟ್ಟದ್ದು ಮಗುವಿನ ಸ್ವಂತ ಭಾಷೆಯ ಸಾಹಿತ್ಯಕ್ಕೆ. ಪರದೇಶದಲ್ಲಿ ಬೆಳೆಯುವ ಮಗು ಮನೆಯ ಭಾಷೆ ಕಳೆದುಕೊಳ್ಳಬಾರದೆಂಬುದು ಅವರ ಕಾಳಜಿ. ಶಾಲೆಯಲ್ಲಿ ಆ ಭಾಷೆಯ ಮೇಷ್ಟ್ರಿಲ್ಲದಿದ್ದರೆ ವಿದ್ಯಾರ್ಥಿ ತಾನೇ ಓದಿ ಪರೀಕ್ಷೆ ಬರೆಯುವ ದಾರಿಯನ್ನೂ ಇಟ್ಟರು. ಆ ಆಶಯವನ್ನು ಮರೆತು, ಇದನ್ನು ಇಂಗ್ಲಿಷಿನ ಇನ್ನೊಂದು ಮೆಟ್ಟಿಲೆಂದು ಕೊಂಡುಕೊಳ್ಳುವುದು ದೊಡ್ಡ ನಷ್ಟ.

ಆದ್ದರಿಂದ ಇಲ್ಲಿಯೇ ವೈದ್ಯಕೀಯ ಓದಬೇಕೆಂದು ಗಟ್ಟಿಮಾಡಿಕೊಂಡ ಮಗುವಿಗೆ ಪಿಯುಸಿಯೇ ನೇರ ದಾರಿ. ದೇಶ ದಾಟುವ ಸಾಧ್ಯತೆ ಇರುವವರಿಗೆ, ಸಾಹಿತ್ಯವನ್ನೂ ವಿಜ್ಞಾನವನ್ನೂ ಬಿಡಲೊಲ್ಲದವರಿಗೆ ಐಬಿ ತಕ್ಕದ್ದು. ಅದನ್ನು ಆರಿಸುವ ಕನ್ನಡ ಮನೆಯವರು ಹಣ ಕಟ್ಟುವ ಮುನ್ನ ಶಾಲೆಯವರನ್ನು ಎರಡು ಮಾತು ಕೇಳಲಿ: ನಮ್ಮ ಮಗು ಬಯಸುವ ಆರು ವಿಷಯಗಳ ಜೋಡಣೆ ಇಲ್ಲಿ ನಿಜಕ್ಕೂ ಸಿಗುತ್ತದೆಯೇ? ಕನ್ನಡ ಸಾಹಿತ್ಯವನ್ನು ಮೊದಲ ಭಾಷೆಯಾಗಿ ಓದಲು ನೀವು ವ್ಯವಸ್ಥೆ ಮಾಡುತ್ತೀರಾ?